ಇಂಗ್ಲಿಷ್ ವ್ಯಾಕರಣ: ಕಾಲೇಜಿನ ನಂಬಿಕೆಗಳು, ಭಾಷೆಯ ನಿಜ

ಕನ್ನಡ ಮಾಧ್ಯಮದಲ್ಲಿ ಓದಿ ಪದವಿಗೆ ಬಂದ ಎಷ್ಟೋ ವಿದ್ಯಾರ್ಥಿಗಳ ಮನಸ್ಸಿನಲ್ಲಿ ಒಂದು ಭಯ ಗಟ್ಟಿಯಾಗಿ ಕೂತಿರುತ್ತದೆ. ಹೈಸ್ಕೂಲಿನಲ್ಲಿ ಕಲಿತದ್ದು ಚಿಕ್ಕ ವ್ಯಾಕರಣ, ಕಾಲೇಜಿನದು ದೊಡ್ಡ ವ್ಯಾಕರಣ. ಅದರಲ್ಲಿ ಇನ್ನೂ ನೂರಾರು ನಿಯಮಗಳಿವೆ, ಅವನ್ನೆಲ್ಲ ಬಾಯಿಪಾಠ ಮಾಡಿದ ಮೇಲೆಯೇ ಇಂಗ್ಲಿಷ್ ಕೈಗೆ ಬರುವುದು ಎಂಬ ಭಯ. ಐಚ್ಛಿಕ ಇಂಗ್ಲಿಷ್ ತೆಗೆದುಕೊಂಡವರಿಗೂ ಅದೇ, ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರಿಗೂ ಅದೇ. ಆದರೆ ಮುಂದಿನ ಹಂತದಲ್ಲಿ ಹೊಸದಾಗಿ ಬರುವ ನಿಯಮಗಳು ಕಡಿಮೆ. ಎಂಟನೇ ತರಗತಿಯಲ್ಲೇ ಕಂಡ ‘ಎ’, ‘ದ’, ‘ಹ್ಯಾಡ್’, ‘ವುಡ್’ಗಳನ್ನು ಬರೆಯುವವರು ಎಲ್ಲಿ, ಯಾಕೆ ಆರಿಸಿಕೊಳ್ಳುತ್ತಾರೆ ಎಂದು ತಿಳಿಯುವುದೇ ಅಲ್ಲಿನ ದೊಡ್ಡ ಕೆಲಸ. ಆ ಕೆಲಸಕ್ಕೆ ನಮ್ಮ ಕನ್ನಡ ತುಂಬ ನೆರವಾಗುತ್ತದೆ. ಇದನ್ನು ತರಗತಿಗಳಲ್ಲಿ ಯಾರೂ ಸಾಕಷ್ಟು ಹೇಳುವುದಿಲ್ಲ ಎಂಬುದು ನನ್ನ ಕೊರಗು.

ಮೊದಲಿಗೆ ಗೋಡೆಯ ಮೇಲಿನ ಚಾರ್ಟು. ಇಂಗ್ಲಿಷಿನಲ್ಲಿ 12 ಟೆನ್ಸ್ ಇವೆ ಎಂದು ಅದು ಹೇಳುತ್ತದೆ. ಕ್ರಿಯಾಪದದ ರೂಪ ನೋಡಿದರೆ ಇರುವುದು ಎರಡೇ: ‘ಗೋ’ ಮತ್ತು ‘ವೆಂಟ್’. ಭವಿಷ್ಯತ್ತಿಗೆಂದೇ ಪ್ರತ್ಯೇಕ ರೂಪವಿಲ್ಲ. ‘ವಿಲ್’ ಎಂಬುದು ‘ಕ್ಯಾನ್’, ‘ಮೇ’, ‘ಮಸ್ಟ್’ಗಳ ಸಾಲಿಗೆ ಸೇರಿದ ಸಹಾಯಕ ಕ್ರಿಯಾಪದ. 1985ರಲ್ಲಿ ರ‍್ಯಾಂಡಾಲ್ಫ್ ಕ್ವರ್ಕ್ ಮತ್ತು ಸಂಗಡಿಗರು ಹೊರತಂದ ಬೃಹತ್ ವ್ಯಾಕರಣವೂ, 2002ರಲ್ಲಿ ಹಡಲ್‌ಸ್ಟನ್ ಮತ್ತು ಪುಲ್ಲಮ್ ಅವರಿಂದ ಬಂದ ಕೇಂಬ್ರಿಡ್ಜ್ ವ್ಯಾಕರಣವೂ ಇಂಗ್ಲಿಷಿಗೆ ಭವಿಷ್ಯತ್ ಟೆನ್ಸ್ ಇಲ್ಲವೆಂದೇ ಹೇಳುತ್ತವೆ. ಚಾರ್ಟಿನ ಉಳಿದ ಚೌಕಗಳಲ್ಲಿ ಕಾಲದ ಜೊತೆಗೆ ಇನ್ನೊಂದು ಸಂಗತಿ ಬೆರೆತಿದೆ: ಕೆಲಸ ಮುಗಿದಿದೆಯೋ, ಇನ್ನೂ ನಡೆಯುತ್ತಿದೆಯೋ ಎಂಬುದು. ಆಡುಗನ್ನಡದಲ್ಲಿ ‘ದಿನಾ ಬರ್ತೀನಿ’ಗೂ ‘ನಾಳೆ ಬರ್ತೀನಿ’ಗೂ ಒಂದೇ ರೂಪ. ಇದನ್ನು ಹುಟ್ಟಿನಿಂದ ಬಳಸುವವರಿಗೆ ‘ದ ಟ್ರೇನ್ ಲೀವ್ಸ್ ಟುಮಾರೊ’ ಎಂಬ ವಾಕ್ಯದಲ್ಲಿ ವಿಚಿತ್ರವೇನೂ ಕಾಣಬೇಕಿಲ್ಲ.

ಇನ್ನು ನಮ್ಮವರನ್ನು ತುಂಬ ಕಾಡುವ ‘ಹ್ಯಾಡ್’. ಹಿಂದೆ ನಡೆದದ್ದಕ್ಕೆ ‘ವೆಂಟ್’, ಬಹಳ ಹಿಂದೆ ನಡೆದದ್ದಕ್ಕೆ ‘ಹ್ಯಾಡ್ ಗಾನ್’ ಎಂಬುದು ಎಲ್ಲೆಡೆ ಕೇಳುವ ವಿವರಣೆ. ಅದು ತಪ್ಪು, ಎಷ್ಟು ಹಿಂದೆ ಎಂಬುದಕ್ಕೂ ಇದಕ್ಕೂ ಸಂಬಂಧವಿಲ್ಲ. ಅಶೋಕ ಎರಡು ಸಾವಿರ ವರ್ಷಕ್ಕೂ ಹಿಂದೆ ಆಳಿದವನು, ಅವನಿಗೂ ‘ರೂಲ್ಡ್’ ಸಾಕು. ಭೂತಕಾಲದ ಒಂದು ಗಳಿಗೆಯಲ್ಲಿ ನಿಂತು, ಅದಕ್ಕೂ ಮೊದಲೇ ಮುಗಿದದ್ದನ್ನು ಹೇಳುವಾಗ ಮಾತ್ರ ‘ಹ್ಯಾಡ್’ ಬೇಕು. ‘ನಾನು ಬಸ್‌ಸ್ಟ್ಯಾಂಡಿಗೆ ಹೋಗುವಷ್ಟರಲ್ಲಿ ಬಸ್ಸು ಹೊರಟುಹೋಗಿತ್ತು’ ಎಂಬಲ್ಲಿ ಬಸ್ಸಿಗೆ ‘ಹ್ಯಾಡ್ ಲೆಫ್ಟ್’ ಸರಿಯಾಗಿ ಕೂರುತ್ತದೆ.

ಹಾಗಾದರೆ ಓದಿದವರೂ ‘ಐ ಹ್ಯಾಡ್ ಗಾನ್ ಟು ಮೈಸೂರು ಎಸ್ಟರ್‌ಡೇ’ ಎನ್ನುವುದು ಯಾಕೆ? ಅದರ ಕೆಳಗೆ ‘ನಿನ್ನೆ ಮೈಸೂರಿಗೆ ಹೋಗಿದ್ದೆ’ ಎಂಬ ಅಚ್ಚ ಕನ್ನಡ ವಾಕ್ಯವಿದೆ. ಕನ್ನಡದಲ್ಲಿ ‘ಹೋದೆ’ ಬೇರೆ, ‘ಹೋಗಿದ್ದೆ’ ಬೇರೆ. ‘ಹೋಗಿದ್ದೆ’ ಎಂದರೆ ಹೋಗಿ ಬಂದದ್ದಾಯಿತು, ಈಗ ಅಲ್ಲಿಲ್ಲ ಎಂಬ ಅರ್ಥವೂ ಅದರೊಳಗೇ ಇದೆ. ಬಸ್ಸಿನ ‘ಹೊರಟುಹೋಗಿತ್ತು’ ಮತ್ತು ಈ ‘ಹೋಗಿದ್ದೆ’ ನೋಡಲು ಒಂದೇ ರೀತಿ, ಮಾಡುವ ಕೆಲಸ ಎರಡು. ಇಂಗ್ಲಿಷಿನ ‘ಹ್ಯಾಡ್’ ಮೊದಲನೆಯ ಕೆಲಸವನ್ನಷ್ಟೇ ಮಾಡುತ್ತದೆ, ಎರಡನೆಯದಕ್ಕೆ ಬರಿಯ ‘ವೆಂಟ್’ ಇದೆ. ಈ ವ್ಯತ್ಯಾಸವನ್ನು ಕನ್ನಡದಲ್ಲೇ ಒಮ್ಮೆ ಬಿಡಿಸಿ ತೋರಿಸಿದರೆ ಹುಡುಗರಿಗೆ ಥಟ್ಟನೆ ಹೊಳೆಯುತ್ತದೆ. ‘ಬರೀ ತಪ್ಪು, ತಿದ್ದಿಕೋ’ ಎಂದು ಕೆಂಪು ಶಾಯಿಯಲ್ಲಿ ಹೊಡೆದುಹಾಕಿದರೆ ಮುಂದಿನ ಸೆಮಿಸ್ಟರಿನಲ್ಲೂ ಅದೇ ವಾಕ್ಯ ಬರುತ್ತದೆ.

ಆರ್ಟಿಕಲ್‌ಗಳ ವಿಷಯದಲ್ಲಿ ನಂಬಿಕೆ ಇನ್ನೂ ಬಲವಾಗಿದೆ. ಕನ್ನಡದಲ್ಲಿ ‘ದ’ ಇಲ್ಲ, ಆದ್ದರಿಂದ ಕನ್ನಡಿಗರಿಗೆ ಅದರ ಅರ್ಥ ಹಿಡಿಯದು. ನದಿ, ಸಮುದ್ರ, ಪರ್ವತಶ್ರೇಣಿಗಳ ಪಟ್ಟಿ ಕಲಿತು ನಿಭಾಯಿಸಬೇಕು ಎನ್ನುತ್ತಾರೆ. ಪಟ್ಟಿ ಬೇಕು, ನಿಜ. ಕಾವೇರಿಯ ಮುಂದೆ ‘ದ’ ಹಾಕುವುದು, ಮೈಸೂರಿನ ಮುಂದೆ ಹಾಕದಿರುವುದು ರೂಢಿಯ ಮಾತು. ಆದರೆ ‘ಎ’ ಮತ್ತು ‘ದ’ ನಡುವಿನ ಮೂಲ ಭೇದ ಕನ್ನಡಿಗರ ಬಾಯಲ್ಲಿ ದಿನವೂ ಆಡುತ್ತಿರುತ್ತದೆ. ‘ಒಬ್ಬ ಹುಡುಗ ಬಂದಿದ್ದ’ ಎಂದು ಮನೆಯಲ್ಲಿ ಹೇಳಿ ನೋಡಿ. ಯಾರು, ಏನು ಎಂದು ಕೇಳುತ್ತಾರೆ. ‘ಹುಡುಗ ಬಂದಿದ್ದ’ ಎಂದರೆ, ಯಾವ ಹುಡುಗ ಎಂದು ಕೇಳುವವರಿಗೆ ಮೊದಲೇ ಗೊತ್ತಿರುತ್ತದೆ: ಮದುವೆಗೆ ನೋಡಿದ ಹುಡುಗನೋ, ಹಾಲು ಹಾಕುವ ಹುಡುಗನೋ. ಮೊದಲನೆಯದು ‘ಎ ಬಾಯ್’, ಎರಡನೆಯದು ‘ದ ಬಾಯ್’. ವಸ್ತುಗಳಲ್ಲಿ ಈ ಕೆಲಸವನ್ನು ದ್ವಿತೀಯಾ ವಿಭಕ್ತಿ ಮಾಡುವುದುಂಟು. ‘ಪೇಟೆಯಿಂದ ಪುಸ್ತಕ ತಂದೆ’ ಎಂದರೆ ಯಾವುದೋ ಪುಸ್ತಕ. ‘ಪುಸ್ತಕವನ್ನು ತಂದೆ’ ಎಂದರೆ ಸಾಮಾನ್ಯವಾಗಿ ನಾವಿಬ್ಬರೂ ಮಾತಾಡಿಕೊಂಡಿದ್ದ ಆ ಪುಸ್ತಕ. ಎಲ್ಲ ಕಡೆಯೂ ಹೀಗೆ ಒಂದಕ್ಕೊಂದು ಹೊಂದುವುದಿಲ್ಲ. ಮನುಷ್ಯರ ಮಾತು ಬಂದಾಗ ‘ಒಂದು ಮಗುವನ್ನು ಕಂಡೆ’ ಎಂದು ಗುರುತಿಲ್ಲದ ಮಗುವಿಗೂ ‘ಅನ್ನು’ ಬೇಕು. ಆದರೂ ಕೇಳುವವರಿಗೆ ಇದು ಗೊತ್ತಿದೆಯೋ ಇಲ್ಲವೋ ಎಂದು ಅಂದಾಜು ಮಾಡಿ ಮಾತಾಡುವ ವಿದ್ಯೆ ಕನ್ನಡಿಗರಿಗೆ ಹೊಸದಲ್ಲ. ಅದನ್ನು ಪ್ರತಿ ನಾಮಪದದ ಮುಂದೆ ತಪ್ಪದೆ ತೋರಿಸುವ ಅಭ್ಯಾಸವೊಂದೇ ಹೊಸದು.

ಕರ್ತರಿ, ಕರ್ಮಣಿ ಪ್ರಯೋಗಗಳ ಬಗ್ಗೆ ಎರಡು ತಪ್ಪು ತಿಳಿವಳಿಕೆಗಳು ಎದುರುಬದುರು ನಿಂತಿವೆ. 1930ರ ದಶಕದ ರೆನ್ ಅಂಡ್ ಮಾರ್ಟಿನ್ ಪುಸ್ತಕದಿಂದ ಇಂದಿನ ಗೈಡುಗಳವರೆಗೆ ‘ಆ್ಯಕ್ಟಿವ್‌ನಿಂದ ಪ್ಯಾಸಿವ್‌ಗೆ ಬದಲಿಸಿ’ ಎಂಬ ಅಭ್ಯಾಸ ಮಾಡಿದವರಿಗೆ, ಎರಡೂ ಒಂದೇ, ಲೆಕ್ಕದ ಹಾಗೆ ತಿರುಗಿಸಿದರಾಯಿತು ಎನಿಸುತ್ತದೆ. ಇತ್ತೀಚೆಗೆ ಬರವಣಿಗೆ ಕಲಿಸುವವರು ಪ್ಯಾಸಿವ್ ದುರ್ಬಲ, ಅದನ್ನು ಮುಟ್ಟಲೇಬೇಡಿ ಎನ್ನುತ್ತಾರೆ. ಬೇಲೂರಿನ ಚೆನ್ನಕೇಶವ ದೇವಾಲಯದ ಬಗ್ಗೆ ಒಂದು ಪ್ಯಾರಾ ಬರೆಯುತ್ತಿದ್ದೀರಿ ಎನ್ನಿ. ಕನ್ನಡದಲ್ಲಿ ‘ಈ ದೇವಾಲಯವನ್ನು 1117ರಲ್ಲಿ ಹೊಯ್ಸಳ ದೊರೆ ವಿಷ್ಣುವರ್ಧನ ಕಟ್ಟಿಸಿದ’ ಎಂದು ದೇವಾಲಯವನ್ನೇ ಮುಂದಿಟ್ಟು ಹೇಳಬಹುದು. ‘ಅನ್ನು’ ಜೊತೆಗಿರುವುದರಿಂದ ಯಾರು ಏನನ್ನು ಕಟ್ಟಿಸಿದರು ಎಂಬ ಗೊಂದಲವಿಲ್ಲ. ಇಂಗ್ಲಿಷ್ ನಾಮಪದಕ್ಕೆ ಆ ಪ್ರತ್ಯಯವಿಲ್ಲ, ಕ್ರಿಯಾಪದದ ಮುಂದೆ ಕೂತದ್ದೇ ಕರ್ತೃ. ದೇವಾಲಯದ ಬಗ್ಗೆ ಮಾತು ನಡೆಯುತ್ತಿರುವಾಗ ಅದನ್ನೇ ಮುಂದಿಡಬೇಕಾದರೆ ‘ದ ಟೆಂಪಲ್ ವಾಸ್ ಬಿಲ್ಟ್’ ಎನ್ನಲೇಬೇಕು. ಪ್ಯಾರಾ ವಿಷ್ಣುವರ್ಧನನ ಬಗ್ಗೆ ಇದ್ದರೆ ಅದೇ ಸಂಗತಿಗೆ ಆ್ಯಕ್ಟಿವ್ ಚೆನ್ನ. ಬಿಡಿ ವಾಕ್ಯವನ್ನು ತಿರುಗಿಸುತ್ತ ಕೂತರೆ ಇದು ಕಾಣಿಸುವುದೇ ಇಲ್ಲ. ಪ್ರಯೋಗಾಲಯದ ರೆಕಾರ್ಡಿನಲ್ಲಿ ‘ದ್ರಾವಣವನ್ನು ಕಾಯಿಸಲಾಯಿತು’ ಎಂದು ಬರೆಯುವಾಗಲೂ ಹೀಗೆಯೇ. ಕಾಯಿಸಿದವರು ಯಾರೆಂಬುದು ಅಲ್ಲಿ ಯಾರಿಗೂ ಬೇಕಿಲ್ಲ.

ವಾಕ್ಯವನ್ನು ಪ್ರಿಪೊಸಿಷನ್ನಿನಿಂದ ಮುಗಿಸಬಾರದು, ‘ಆ್ಯಂಡ್’, ‘ಬಟ್’ಗಳಿಂದ ಶುರುಮಾಡಬಾರದು, ‘ಟು’ ಮತ್ತು ಕ್ರಿಯಾಪದದ ನಡುವೆ ಏನೂ ಬರಬಾರದು ಎಂಬ ಕಟ್ಟಳೆಗಳನ್ನು ಬೇಗ ದಾಟಬಹುದು. ಮೊದಲನೆಯದು 1672ರಲ್ಲಿ ಕವಿ ಡ್ರೈಡನ್ ಎತ್ತಿದ ಆಕ್ಷೇಪ. 1762ರ ತಮ್ಮ ವ್ಯಾಕರಣದಲ್ಲಿ ರಾಬರ್ಟ್ ಲೋತ್ ಅದನ್ನು ಶೈಲಿಯ ವಿಷಯವಾಗಿ ನೋಡಿದರು, ಮಾತಿನಲ್ಲಿ ಅದು ಸಹಜ ಎಂದು ಒಪ್ಪಿದರು. ಕೊನೆಯದು ಜೋರಾದದ್ದು 19ನೇ ಶತಮಾನದಲ್ಲಿ. ಒಳ್ಳೆಯ ಲೇಖಕರು ಯಾವ ಕಾಲದಲ್ಲೂ ಈ ಮೂರಕ್ಕೆ ಕಟ್ಟುಬಿದ್ದವರಲ್ಲ.

ವ್ಯಾಕರಣವೇ ಬೇಡ, ಸಿನಿಮಾ ನೋಡಿ, ಮಾತಾಡಿ, ತಾನಾಗಿ ಬರುತ್ತದೆ ಎಂಬ ಮಾತೂ ಈಗ ಜೋರಾಗಿದೆ. ಇದರಲ್ಲಿ ಅರ್ಧ ಸತ್ಯವಿದೆ, ಆ ಅರ್ಧಕ್ಕೆ ನಮ್ಮ ಬೆಂಗಳೂರಿನ ಹೆಸರೇ ಅಂಟಿದೆ. 1979ರಿಂದ 1984ರವರೆಗೆ ಎನ್. ಎಸ್. ಪ್ರಭು ದಕ್ಷಿಣ ಭಾರತದ ಕೆಲವು ಶಾಲೆಗಳಲ್ಲಿ ನಡೆಸಿದ ಪ್ರಯೋಗವನ್ನು ಭಾಷಾಬೋಧನೆಯ ಲೋಕ ‘ಬೆಂಗಳೂರು ಪ್ರಾಜೆಕ್ಟ್’ ಎಂದೇ ಕರೆಯುತ್ತದೆ. ಅಲ್ಲಿ ನಿಯಮ ಹೇಳಿಕೊಡಲಿಲ್ಲ. ರೈಲಿನ ವೇಳಾಪಟ್ಟಿ, ನಕ್ಷೆಗಳನ್ನು ಕೊಟ್ಟು ಮಕ್ಕಳಿಂದ ಇಂಗ್ಲಿಷಿನಲ್ಲೇ ಲೆಕ್ಕಾಚಾರ ಮಾಡಿಸಿದರು. ಮನಸ್ಸು ಅರ್ಥದ ಮೇಲಿದ್ದಾಗ ವ್ಯಾಕರಣ ಒಳಗೊಳಗೇ ಬೆಳೆಯುತ್ತದೆ ಎಂಬುದು ಪ್ರಭು ಅವರ ನಿಲುವು. ಇದು ಜಗತ್ತಿನ ತರಗತಿಗಳನ್ನು ಬದಲಿಸಿದ ವಿಚಾರ, ನಮ್ಮ ಬಿ.ಎಡ್. ವಿದ್ಯಾರ್ಥಿಗಳೆಲ್ಲ ಹೆಮ್ಮೆಯಿಂದ ಓದಬೇಕಾದದ್ದು. ಆದರೆ ಅವರ ವಿದ್ಯಾರ್ಥಿಗಳು ಶಾಲೆಯ ಮಕ್ಕಳು. 1980ರಿಂದ 1998ರವರೆಗಿನ ಅಧ್ಯಯನಗಳನ್ನು ಒಟ್ಟುಗೂಡಿಸಿ ನಾರಿಸ್ ಮತ್ತು ಒರ್ಟೆಗಾ 2000ದಲ್ಲಿ ಪ್ರಕಟಿಸಿದ ವಿಶ್ಲೇಷಣೆಯಲ್ಲಿ, ನಿಯಮವನ್ನು ಬಿಡಿಸಿ ಹೇಳಿ ಗಮನ ಸೆಳೆದ ಪಾಠಗಳೇ ಹೆಚ್ಚು ಫಲ ಕೊಟ್ಟಿದ್ದವು. ಬರೆದದ್ದನ್ನು ತಾವೇ ತಿದ್ದಿಕೊಳ್ಳಬೇಕಾದ ಪದವಿ ವಿದ್ಯಾರ್ಥಿಗೆ ಎರಡೂ ಬೇಕು: ಬೇಕಾದಷ್ಟು ಓದು, ಅದರ ಜೊತೆಗೆ ‘ಇಲ್ಲಿ ಹೀಗೇಕೆ’ ಎಂದು ಕೇಳುವ ವ್ಯಾಕರಣ.

ಕೊನೆಯ ನಂಬಿಕೆ ಹುಡುಗರ ಎದೆಗುಂದಿಸುವಂಥದ್ದು: ಇಂಗ್ಲಿಷ್ ಮನೆಮಾತಾದವರಿಗಷ್ಟೇ ಅದರ ವ್ಯಾಕರಣ ದಕ್ಕುತ್ತದೆ ಎಂಬುದು. 1909ರಿಂದ 1949ರವರೆಗೆ ಏಳು ಸಂಪುಟಗಳಲ್ಲಿ ಬಂದ ಇಂಗ್ಲಿಷ್ ವ್ಯಾಕರಣದ ಮಹಾಗ್ರಂಥ ಬರೆದ ಆಟೊ ಯೆಸ್ಪರ್ಸನ್ ಡೆನ್ಮಾರ್ಕಿನವರು. ಕ್ವರ್ಕ್ ಜೊತೆ ದುಡಿದ ಯಾನ್ ಸ್ವಾರ್ಟ್‌ವಿಕ್ ಸ್ವೀಡನ್ನಿನವರು. ಇಬ್ಬರಿಗೂ ಇಂಗ್ಲಿಷ್ ಕಲಿತ ಭಾಷೆ. ನಮ್ಮಲ್ಲಿ ಬಿ. ಎಂ. ಶ್ರೀ, ಗೋಕಾಕ್, ಅಡಿಗ, ಲಂಕೇಶ್, ಅನಂತಮೂರ್ತಿ ಕಾಲೇಜುಗಳಲ್ಲಿ ಇಂಗ್ಲಿಷ್ ಪಾಠ ಮಾಡುತ್ತಲೇ ಕನ್ನಡವನ್ನು ಕಟ್ಟಿದರು.

ಇದನ್ನೆಲ್ಲ ಒರೆಗೆ ಹಚ್ಚಲು ದುಬಾರಿ ಕೋರ್ಸು ಬೇಡ. ಇಂಗ್ಲಿಷ್ ಪತ್ರಿಕೆಯ ಒಂದು ಪ್ಯಾರಾವನ್ನು ‘ಎ’, ‘ಆ್ಯನ್’, ‘ದ’ಗಳನ್ನೆಲ್ಲ ಬಿಟ್ಟು ನಕಲು ಮಾಡಿಕೊಳ್ಳಿ. ಮರುದಿನ ಮೂಲ ನೋಡದೆ ತುಂಬಿಸಿ, ಆಮೇಲೆ ಹೋಲಿಸಿ. ವ್ಯತ್ಯಾಸ ಕಂಡಲ್ಲಿ ಅದನ್ನು ಕೂಡಲೇ ತಪ್ಪೆಂದು ಗೀಚಬೇಡಿ; ಆ ವಾಕ್ಯವನ್ನು ಕನ್ನಡದಲ್ಲಿ ಹೇಳಿಕೊಂಡು ‘ಒಬ್ಬ ಹುಡುಗ’ನೋ, ಬರಿಯ ‘ಹುಡುಗ’ನೋ ಎಂದು ಕೇಳಿಕೊಳ್ಳಿ. ಕೆಲವು ಕಡೆ ವರದಿಗಾರರ ‘ದ’ದಷ್ಟೇ ನಿಮ್ಮ ‘ಎ’ ಕೂಡ ಸರಿಯಿರುತ್ತದೆ, ಓದುವವರಿಗೆ ಏನು ಮೊದಲೇ ಗೊತ್ತು ಎಂಬ ಅಂದಾಜು ಮಾತ್ರ ಇಬ್ಬರದೂ ಬೇರೆಯಾಗಿರುತ್ತದೆ.