ಪಂಢರಪುರದ ವಿಠ್ಠಲ ಯಾರವನು?

ಆಷಾಢ ಬಂತು ಅಂದ್ರೆ ಪುಣೆಯ ರಸ್ತೆಗಳಲ್ಲಿ ವಾರಕರಿಗಳ ತಾಳ-ಮೃದಂಗ ಕೇಳಿಸುತ್ತೆ. ಆಳಂದಿಯಿಂದ ಜ್ಞಾನೇಶ್ವರರ ಪಲ್ಲಕ್ಕಿ, ದೇಹೂವಿನಿಂದ ತುಕಾರಾಮರ ಪಲ್ಲಕ್ಕಿ ಹೊರಡುತ್ತವೆ. ಸುಮಾರು 250 ಕಿಲೋಮೀಟರ್ ನಡಿಗೆ. ಆಗೆಲ್ಲ ಇಲ್ಲಿನ ಕನ್ನಡಿಗರು ನನ್ನನ್ನು ಕೇಳೋದು ಒಂದೇ ಪ್ರಶ್ನೆ: ವಿಠ್ಠಲ ನಮ್ಮವನೋ, ಮರಾಠಿಗರವನೋ?

ಮೊದಲು ಸ್ಥಳದ ಕಥೆ ನೋಡೋಣ. ಪುಂಡಲೀಕ ತಂದೆ-ತಾಯಿಯ ಸೇವೆಯಲ್ಲಿದ್ದಾಗ ಕೃಷ್ಣ ಬಾಗಿಲಿಗೆ ಬಂದ. ಪುಂಡಲೀಕ ಎದ್ದು ಬರಲಿಲ್ಲ. ಒಂದು ಇಟ್ಟಿಗೆ ಎಸೆದು, ಅದರ ಮೇಲೆ ನಿಂತಿರು ಅಂದ. ದೇವರು ಸೊಂಟದ ಮೇಲೆ ಕೈಯಿಟ್ಟು ನಿಂತೇಬಿಟ್ಟ. ನನಗೆ ಈ ಕ್ಷೇತ್ರದ ತಿರುಳು ಇಲ್ಲೇ ಕಾಣುತ್ತೆ. ವಿಠ್ಠಲನ ಕೈಯಲ್ಲಿ ಎತ್ತಿದ ಆಯುಧವಿಲ್ಲ. ಅವನು ಕಾಯುವ ದೇವರು. ಹಿರಿಯರ ಸೇವೆ ಮುಗಿಯುವ ತನಕ ಕಾಯುತ್ತಾನೆ.

ಇನ್ನು ಇತಿಹಾಸ. ಪಂಢರಪುರದಲ್ಲಿ 1237ರ ಒಂದು ಶಾಸನವಿದೆ. ಹೊಯ್ಸಳ ದೊರೆ ಸೋಮೇಶ್ವರ ವಿಠ್ಠಲನ ಸೇವೆಗೆ ಒಂದು ಹಳ್ಳಿ ದತ್ತಿ ಕೊಟ್ಟದ್ದನ್ನು ಅದು ಹೇಳುತ್ತೆ. ಯಾದವ ರಾಮಚಂದ್ರನ ಕಾಲದ, 1273ರಿಂದ 1277ರವರೆಗಿನ ದಾನಗಳನ್ನು ದಾಖಲಿಸಿದ ಇನ್ನೊಂದು ಶಾಸನವೂ ಇದೆ. ಅದಕ್ಕೆ 'ಚೌರ್‍ಯಾಂಶಿ' ಅಂದ್ರೆ ಎಂಬತ್ತನಾಲ್ಕರ ಶಾಸನ ಅಂತ ಹೆಸರು. ಜ್ಞಾನೇಶ್ವರರ ಹೆಸರಿನ ಅಭಂಗವೊಂದು ವಿಠ್ಠಲನನ್ನು ಕನ್ನಡದವನು ಅಂತಲೇ ಕರೆಯುತ್ತೆ. ಈ ಕಡೆ ನಮ್ಮ ದಾಸರು? ಪುರಂದರ ವಿಠಲ, ವಿಜಯ ವಿಠಲ, ಹೀಗೆ ಅಂಕಿತದಲ್ಲೇ ಅವನನ್ನು ಕಟ್ಟಿಕೊಂಡರು. ಊರಿನ ಚಂದ್ರಭಾಗೆಯೂ ಭೀಮಾ ನದಿಯೇ. ಅಲ್ಲಿ ಅರ್ಧಚಂದ್ರದ ಹಾಗೆ ತಿರುಗುತ್ತೆ ಅಂತ ಆ ಹೆಸರು. ಅದೇ ನೀರು ಮುಂದೆ ಗಾಣಗಾಪುರ ದಾಟಿ ಕೃಷ್ಣೆಗೆ ಸೇರುತ್ತೆ.

ಹಾಗಾದ್ರೆ ಗೆದ್ದವರು ನಾವಾ? ತೀರ್ಪು ಕೊಡುವ ಮೊದಲು ಮಹಾದ್ವಾರದ ಹತ್ತಿರ ಸ್ವಲ್ಪ ನಿಲ್ಲಿ. ಅಲ್ಲಿ ನಾಮದೇವರ ಮೆಟ್ಟಿಲಿದೆ. ಎದುರಿಗೇ ಚೋಖಾಮೇಳರ ಸಮಾಧಿ. ಮಹಾರ್ ಜಾತಿಯವರೆಂದು ಅವರನ್ನು ಒಳಗೆ ಬಿಡಲಿಲ್ಲ. ಹೊರಗೆ ನಿಂತೇ ಅಭಂಗ ಹಾಡಿದರು. ಮಂಗಳವೇಡೆಯಲ್ಲಿ ಗೋಡೆ ಕುಸಿದು ತೀರಿಕೊಂಡರು ಅಂತ ಪರಂಪರೆ ಹೇಳುತ್ತೆ. ಬಸವಣ್ಣನವರು ಕಲ್ಯಾಣಕ್ಕೆ ಹೋಗುವ ಮೊದಲು ಕರಣಿಕರಾಗಿದ್ದರು ಅಂತ ನಾವು ಹೇಳೋದೂ ಇದೇ ಮಂಗಳವೇಡೆಯಲ್ಲಿ.

ಚೋಖಾಮೇಳರ ಜನರಿಗೆ ಬಾಗಿಲು ತೆರೆಯೋಕೆ ಆರು ಶತಮಾನ ಬೇಕಾಯಿತು. 1947ರ ಮೇ ತಿಂಗಳಲ್ಲಿ ಸಾನೆ ಗುರೂಜಿ ಹತ್ತು ದಿನ ಉಪವಾಸ ಕೂತರು. ಆಮೇಲಷ್ಟೇ ದಲಿತರಿಗೆ ಪ್ರವೇಶ ಸಿಕ್ಕಿತು. ಇಂದು ಅಲ್ಲಿ ಯಾರು ಬೇಕಾದರೂ ವಿಠ್ಠಲನ ಪಾದಕ್ಕೆ ಹಣೆ ಮುಟ್ಟಿಸಿ ನಮಸ್ಕರಿಸಬಹುದು.

ಅದಕ್ಕೇ ನನ್ನ ಉತ್ತರ ಇಷ್ಟು: ವಿಠ್ಠಲನಿಗೆ ಕನ್ನಡದ ಬೇರೂ ಇದೆ, ಮರಾಠಿಯ ನೆರಳೂ ಇದೆ. ಆದರೆ 'ಯಾರವನು' ಅನ್ನೋದಕ್ಕಿಂತ 'ಯಾರನ್ನು ಹೊರಗೆ ನಿಲ್ಲಿಸಿದ್ದೆವು' ಅನ್ನೋ ಪ್ರಶ್ನೆ ದೊಡ್ಡದು. ವಾರಕರಿಗಳು ಜಾತಿ ನೋಡದೆ ಒಬ್ಬರ ಕಾಲಿಗೊಬ್ಬರು ಬೀಳೋದನ್ನು ಈ ಸಲ ಗಮನಿಸಿ. ಹೋದಾಗ ಚೋಖಾಮೇಳರ ಸಮಾಧಿಗೆ ಕೈ ಮುಗಿದು, ಆಮೇಲೆ ಒಳಗೆ ಹೋಗಿ. ಮತ್ತೆ ಸಿಗೋಣ.