ಮೇಡನ್ ಕ್ಯಾಸಲ್ ದುರ್ಗದ ಅಸ್ಥಿಸಾಕ್ಷ್ಯ

1947ರ ಬ್ರಹ್ಮಗಿರಿ ಉತ್ಖನನದಿಂದ ಕನ್ನಡನಾಡಿನ ಇತಿಹಾಸಾಭ್ಯಾಸಿಗಳಿಗೆ ಸುಪರಿಚಿತರಾದ ಮಾರ್ಟಿಮರ್ ವ್ಹೀಲರ್ ಅವರು, ಭಾರತಕ್ಕೆ ಬರುವ ಮುನ್ನ ದಕ್ಷಿಣ ಇಂಗ್ಲೆಂಡಿನ ಡಾರ್ಸೆಟ್ ಪ್ರಾಂತದ ಮೇಡನ್ ಕ್ಯಾಸಲ್ ಎಂಬ ಗಿರಿದುರ್ಗದಲ್ಲಿ 1934ರಿಂದ 1937ರವರೆಗೆ ಉತ್ಖನನ ನಡೆಸಿದರು. ಸಹನಿರ್ದೇಶಕಿಯಾಗಿದ್ದ ಅವರ ಪತ್ನಿ ಟೆಸ್ಸಾ 1936ರಲ್ಲಿ ತೀರಿಕೊಂಡರು. ಹೆಸರನ್ನು ಕೇಳಿ ಚಿತ್ರದುರ್ಗದಂಥ ಕಲ್ಲುಕೋಟೆಯನ್ನು ಇಲ್ಲಿ ಊಹಿಸಿಕೊಳ್ಳಲಾಗದು. ಸುಣ್ಣಗಲ್ಲಿನ ಗುಡ್ಡವನ್ನು ಒಂದರ ಹಿಂದೊಂದಾಗಿ ಸುತ್ತುವರಿದಿರುವ ಭಾರಿ ಮಣ್ಣೇರಿಗಳೂ ಕಂದಕಗಳೂ ಇಂದು ಉಳಿದಿವೆ.

ಗುಡ್ಡದ ಮೇಲಿನ ಮೊದಲ ಆವರಣ ನವಶಿಲಾಯುಗದ್ದು. ಕಬ್ಬಿಣಯುಗದಲ್ಲಿ, ಸುಮಾರು ಕ್ರಿ. ಪೂ. 600ರಲ್ಲಿ 16 ಎಕರೆಗಳಷ್ಟಿದ್ದ ದುರ್ಗ ಮುಂದೆ 47 ಎಕರೆಗಳಿಗೆ ವಿಸ್ತರಿಸಿತು. ಒಳಗೆ ದುಂಡನೆಯ ಮನೆಗಳು. ನಮ್ಮ ಬಯಲುಸೀಮೆಯ ಹಗೇವುಗಳನ್ನು ನೆನಪಿಗೆ ತರುವ ಧಾನ್ಯದ ಕುಳಿಗಳು. ಪೂರ್ವದ್ವಾರದ ಬಳಿ 20,000ಕ್ಕೂ ಮಿಕ್ಕ ಕವಣೆಗಲ್ಲುಗಳ ರಾಶಿ.

ವಿವಾದವಿರುವುದು ಅದೇ ದ್ವಾರದಲ್ಲಿ ದೊರೆತ ಅಸ್ಥಿಪಂಜರಗಳ ವಿಷಯದಲ್ಲಿ. ಹಲವು ತಲೆಬುರುಡೆಗಳು ಕತ್ತಿಯೇಟಿನಿಂದ ಸೀಳಿವೆ. ಒಬ್ಬನ ಬೆನ್ನೆಲುಬಿನಲ್ಲಿ ಕಬ್ಬಿಣದ ಮೊನೆ ನಾಟಿದೆ. ರೋಮಿನ ಸೇನಾನಿ ವೆಸ್ಪಾಸಿಯನ್ ಬ್ರಿಟನ್ನಿನಲ್ಲಿ 20ಕ್ಕೂ ಹೆಚ್ಚು ಪಟ್ಟಣಗಳನ್ನು ಗೆದ್ದನೆಂದು ಸ್ವಿಟೋನಿಯಸ್ ಬರೆದಿದ್ದಾನೆ. ವ್ಹೀಲರ್ ಈ ಎರಡನ್ನೂ ಹೆಣೆದು, ಕ್ರಿ. ಶ. 43ರ ದಂಡಯಾತ್ರೆಯ ವೇಳೆ ನಡೆದ ಕಗ್ಗೊಲೆಯ ರೋಮಾಂಚಕ ಚಿತ್ರವನ್ನು ಕಟ್ಟಿದರು. ತರಗತಿಗಳಲ್ಲಿ ನಾವೂ ಅದನ್ನೇ ಬೋಧಿಸಿದ್ದೇವೆ. ಆದರೆ ಸ್ವಿಟೋನಿಯಸ್ ಈ ದುರ್ಗದ ಹೆಸರನ್ನೇ ಎತ್ತಿಲ್ಲ. ಅಲ್ಲದೆ, ಅವಸರದಲ್ಲಿ ಹೂಳಲ್ಪಟ್ಟರೆನ್ನಲಾದ ಮೃತರ ಪಕ್ಕದಲ್ಲಿ ಮಡಕೆಗಳನ್ನೂ ಮಾಂಸದ ತುಂಡುಗಳನ್ನೂ ಇರಿಸಲಾಗಿತ್ತು.

2025ರಲ್ಲಿ ಬೋರ್ನ್‌ಮತ್ ವಿಶ್ವವಿದ್ಯಾಲಯದ ವಿದ್ವಾಂಸರು ಈ ಅಸ್ಥಿಗಳ ಇಂಗಾಲ ಕಾಲಮಾನವನ್ನು ಪ್ರಕಟಿಸಿದರು. ಮರಣಗಳು ಒಂದೇ ದಿನದವಲ್ಲ, ಕ್ರಿ. ಪೂ. ಒಂದನೆಯ ಶತಮಾನದ ಕೊನೆಯಿಂದ ಕ್ರಿ. ಶ. ಒಂದನೆಯ ಶತಮಾನದ ಮೊದಲ ಭಾಗದವರೆಗೆ, ಕೆಲವು ತಲೆಮಾರುಗಳಲ್ಲಿ ಹಂಚಿಹೋಗಿವೆ. ಸ್ಥಳೀಯರ ಅಂತಃಕಲಹವೇ ಇದಕ್ಕೆ ಕಾರಣವಿರಬೇಕೆಂದು ಅವರ ಅಭಿಮತ. ನಮಗೂ ಇದು ಯುಕ್ತವೆನಿಸುತ್ತದೆ.

ಬ್ರಹ್ಮಗಿರಿಯಲ್ಲಿಯೂ ಇಂಥದೇ ತಿದ್ದುಪಡಿ ನಡೆದಿದೆ. ರೋಮ್ ಸಂಪರ್ಕದ ಮಡಕೆಗಳನ್ನು ಆಧಾರವಾಗಿರಿಸಿಕೊಂಡು ವ್ಹೀಲರ್ ಅಲ್ಲಿನ ಬೃಹತ್‌ಶಿಲಾ ಸಂಸ್ಕೃತಿಗೆ ಸುಮಾರು ಕ್ರಿ. ಪೂ. 200ರ ಆರಂಭಕಾಲವನ್ನು ಸೂಚಿಸಿದ್ದರು. ಹಳ್ಳೂರು ಮೊದಲಾದೆಡೆಗಳ ಇಂಗಾಲ ಪರೀಕ್ಷೆಗಳು ಕರ್ನಾಟಕದ ಕಬ್ಬಿಣಯುಗವನ್ನು ಸುಮಾರು ಕ್ರಿ. ಪೂ. 1000ದವರೆಗೆ ಹಿಂದಕ್ಕೊಯ್ದಿವೆ. ಆದರೂ ಒಂದು ಮಾತು ಹೇಳಲೇಬೇಕು: ಮೇಡನ್ ಕ್ಯಾಸಲ್ಲಿನ ಪ್ರತಿ ಗೋರಿಯನ್ನೂ ವ್ಹೀಲರ್ ಲಕ್ಷ್ಯವಿಟ್ಟು ದಾಖಲಿಸಿ 1943ರಲ್ಲಿ ಪ್ರಕಟಿಸಿದ್ದರಿಂದಲೇ, ಅವರ ನಿರ್ಣಯವನ್ನು ಅವರದೇ ಅಸ್ಥಿಗಳಿಂದ ಪರೀಕ್ಷಿಸುವುದು ಸಾಧ್ಯವಾಯಿತು.