ಹಳೆಯ ತೊಟ್ಟಿಯಲ್ಲಿ ಕಡಲ ಮೀನು: ತಾಮ್ರದ ಬಗ್ಗೆ ಎಚ್ಚರ

ಅಗ್ಗಕ್ಕೆ ಸಿಕ್ಕಿತೆಂದು ಹಳೆಯ ಗಾಜಿನ ತೊಟ್ಟಿ, ಪಂಪು, ಹೀಟರ್ ತಂದು ಮನೆಯಲ್ಲಿ ಕಡಲ ಮೀನು ಸಾಕಬಯಸುವ ಸದಸ್ಯರಿಗೆ ನಾವು ಕೇಳುವ ಮೊದಲ ಪ್ರಶ್ನೆ ಇದು: ಆ ತೊಟ್ಟಿಗೆ ಹಿಂದೆ ತಾಮ್ರದ ಔಷಧಿ ಹಾಕಿದ್ದರೇ?

ಮೀನಿನ ಕೆಲವು ರೋಗಗಳಿಗೆ ತಾಮ್ರ ಮದ್ದು. ಸಿಗಡಿ, ಶಂಖದ ಹುಳುಗಳಿಗೆ ಅದೇ ವಿಷ. ಹಳೆಯ ಜಲ್ಲಿಯಲ್ಲಿ ಸೇರಿಕೊಂಡ ತಾಮ್ರ ಮತ್ತೆ ನೀರಿಗಿಳಿಯುತ್ತದೆ. ಆದ್ದರಿಂದ ಹಳೆಯ ಜಲ್ಲಿಯನ್ನು ಎಸೆದುಬಿಡಿ. ಕೊಳೆರೋಗಕ್ಕೆ ಬೋರ್ಡೋ ಸಿಂಪಡಿಸುವ ನಮ್ಮ ಮನೆಗಳಲ್ಲಿ ಈ ಅಪಾಯ ಇನ್ನೂ ಹೆಚ್ಚು. 100 ಲೀಟರ್ ದ್ರಾವಣಕ್ಕೆ ನಾವು 1 ಕಿಲೋ ಮೈಲುತುತ್ತು ಹಾಕುತ್ತೇವೆ. ಸಿಗಡಿಯನ್ನು ಕೊಲ್ಲಲು ಅದರ ಚೂರೇ ಸಾಕು. ಮೈಲುತುತ್ತು ಕರಗಿಸಿದ ಡ್ರಮ್ಮು, ಬಕೆಟ್ಟು, ಪೈಪುಗಳನ್ನು ಮೀನಿನ ನೀರಿಗೆ ಬಳಸಲೇಬೇಡಿ.

ತೊಟ್ಟಿಯನ್ನು ಅಂಗಳದಲ್ಲಿ ಸಮತಟ್ಟಾದ ಹಲಗೆಯ ಮೇಲಿಟ್ಟು, ನೀರು ತುಂಬಿ, 3 ದಿನ ಸೋರಿಕೆ ನೋಡಿ. ಸುಣ್ಣದ ಕಲೆಗೆ ವಿನೆಗರ್ ಸಾಕು, ಸೋಪು ಬೇಡ. ವಯರು ಬಿರುಕು ಬಿಟ್ಟ ಹೀಟರನ್ನು ಕೊಳ್ಳಬೇಡಿ. ಉಪ್ಪುನೀರಿನಲ್ಲಿ ವಿದ್ಯುತ್ತು ಸುಲಭವಾಗಿ ಹರಿಯುತ್ತದೆ.

ಲೀಟರಿಗೆ ಸುಮಾರು 35 ಗ್ರಾಂ ಅಕ್ವೇರಿಯಂ ಉಪ್ಪಿನ ಮಿಶ್ರಣ ಬೇಕು. ಅಡುಗೆ ಉಪ್ಪು ಆಗದು. ಚಿಟಿಕೆ ಮೀನಿನ ಆಹಾರ ಹಾಕುತ್ತ 4ರಿಂದ 6 ವಾರ ಕಾಯಿರಿ. ವಿಷಕಾರಿ ಅಮೋನಿಯಾವನ್ನು ನೈಟ್ರೈಟ್, ನೈಟ್ರೇಟ್ ಆಗಿಸುವ ಬ್ಯಾಕ್ಟೀರಿಯಾ ನೆಲೆಯೂರಲು ಅಷ್ಟು ಕಾಲ ಬೇಕು. ಗೊಬ್ಬರ ಕಳಿಯುವವರೆಗೆ ಕಾಯುವ ಕೃಷಿಕರಿಗೆ ಈ ತಾಳ್ಮೆ ಹೊಸದಲ್ಲ. ನೀರು ಆವಿಯಾದಷ್ಟಕ್ಕೆ ಸಿಹಿನೀರನ್ನೇ ತುಂಬಿ; ಉಪ್ಪು ತೊಟ್ಟಿಯಲ್ಲೇ ಉಳಿದಿರುತ್ತದೆ.

ಹಿಂದಿನ ಬಳಕೆ ತಿಳಿಯದ ತೊಟ್ಟಿಯಾದರೆ ನೀರಿನಲ್ಲಿ ತಾಮ್ರವಿದೆಯೇ ಎಂದು ಕಿಟ್ಟಿನಿಂದ ಪರೀಕ್ಷಿಸಿ. ತಾಮ್ರ ಕಂಡರೆ ಸಿಗಡಿ, ಶಂಖಗಳ ಆಸೆ ಬಿಡುವುದೇ ಲೇಸು.